ಪಾತ್ರೆ ತೊಳೆಯುತ್ತಾ ಇಂಗ್ಲಿಷ್ ಕಲಿಸುವ ಬಗೆ

ಇಂಗ್ಲಿಷಿನಲ್ಲಿ ಒಂದು ಪೂರ್ತಿ ವಾಕ್ಯ ಆಡಲು ಹಿಂಜರಿಯುವ ದೊಡ್ಡವರಿಗೆ ಮೊದಲ ಪಾಠವನ್ನು ಎಲ್ಲಿಂದ ಆರಂಭಿಸಬೇಕು ಎಂದು ಯಾರಾದರೂ ಕೇಳಿದರೆ, ಊಟವಾದ ಮೇಲೆ ಸಿಂಕಿನಲ್ಲಿ ಬಿದ್ದಿರುವ ಪಾತ್ರೆಗಳಿಂದ ಆರಂಭಿಸಿ ಎಂದೇ ನಾನು ಹೇಳುತ್ತೇನೆ. ಬ್ಯಾಂಕಿಗೆ ಹೋಗುವುದು, ಹವಾಮಾನದ ಬಗ್ಗೆ ಮಾತಾಡುವುದು ಮುಂತಾದ ಪಾಠಗಳಲ್ಲಿ ಕಲಿಯುವವರು ಸನ್ನಿವೇಶವನ್ನೂ ಊಹಿಸಿಕೊಳ್ಳಬೇಕು, ಅದಕ್ಕೆ ತಕ್ಕ ಮಾತನ್ನೂ ಹುಡುಕಬೇಕು. ಪಾತ್ರೆ ತೊಳೆಯುವಾಗ ಸನ್ನಿವೇಶ ಕೈಯಲ್ಲೇ ಇರುತ್ತದೆ. ಯಾವುದನ್ನು ಮೊದಲು ತೊಳೆಯಬೇಕು, ತಳ ಹತ್ತಿದ್ದನ್ನು ಎಷ್ಟು ಹೊತ್ತು ನೆನೆಸಬೇಕು ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಹೊಸದಾಗಿ ಬರಬೇಕಾದದ್ದು ಮಾತು ಮಾತ್ರ.

ಈ ಮಾರ್ಗದರ್ಶಿಯನ್ನು ಬಡಾವಣೆಯ ಮಹಿಳೆಯರಿಗೆ ಸಂಜೆ ಪಾಠ ಹೇಳುವ ಸ್ವಯಂಸೇವಕರು, ಸ್ವಸಹಾಯ ಸಂಘಗಳಲ್ಲಿ ಕಲಿಸುವವರು, ಮನೆಯಲ್ಲಿ ತಾಯಿಗೋ ಅತ್ತೆಗೋ ನಾಲ್ಕು ಮಾತು ಕಲಿಸಬೇಕೆಂದಿರುವವರು ಬಳಸಬಹುದು. ಕಲಿಯುವವರಿಗೆ ಕನ್ನಡದಲ್ಲಿ ಓದು ಬರಹ ಬಂದರೆ ಅನುಕೂಲ, ಆದರೆ ಮೊದಲ ಮೂರು ಹಂತಗಳಿಗೆ ಅದರ ಅಗತ್ಯವೂ ಇಲ್ಲ.

ಆರಂಭಕ್ಕೆ ಮುನ್ನ ಒಂದು ಮಾತನ್ನು ಖಚಿತ ಮಾಡಿಕೊಳ್ಳಬೇಕು. ಈ ಪಾಠದ ಮೊದಲ ವಾಕ್ಯಗಳೆಲ್ಲ ಆಜ್ಞೆಗಳು. ಮನೆಗೆಲಸದಿಂದ ಜೀವನ ನಡೆಸುವ ಹೆಣ್ಣುಮಗಳೊಬ್ಬಳ ಎದುರು ನಿಂತು 'ವಾಷ್ ದ ಪ್ಲೇಟ್' ಎಂದರೆ ಅದು ಆಕೆಗೆ ಪಾಠವಾಗಿ ಕೇಳಿಸುವುದಿಲ್ಲ, ದಿನವೂ ಕೇಳುವ ಮಾತೇ ಇನ್ನೊಂದು ಭಾಷೆಯಲ್ಲಿ ಬಂದಂತೆ ಕೇಳಿಸುತ್ತದೆ. ಆದ್ದರಿಂದ ಈ ವಿಧಾನದಲ್ಲಿ ಕಲಿಸುವವರು ಆಜ್ಞೆ ಕೊಡುವುದು ಮೊದಲ ಕೆಲವು ದಿನ ಮಾತ್ರ, ಅದೂ ತಾವು ಜೊತೆಯಲ್ಲಿ ತೊಳೆಯುತ್ತಾ. ಆಮೇಲೆ ಕಲಿಯುವವರು ಹೇಳುತ್ತಾರೆ, ಕಲಿಸುವವರು ತೊಳೆಯುತ್ತಾರೆ. ತಾನು ತೊಳೆಯಲು ಮನಸ್ಸಿಲ್ಲದವರು ಬೇರೆ ವಿಷಯವನ್ನು ಆರಿಸಿಕೊಳ್ಳುವುದು ಮೇಲು. ಗುಂಪಿನಲ್ಲಿ ಗಂಡಸರೂ ಹುಡುಗರೂ ಇದ್ದರೆ ಅವರ ಸರದಿಯೂ ತಪ್ಪದೆ ಬರಬೇಕು.

ಸಿದ್ಧತೆ

ಪಾತ್ರೆಗಳನ್ನು ಆರಿಸುವಾಗಲೇ ಅರ್ಧ ಪಾಠ ಸಿದ್ಧವಾಗುತ್ತದೆ. ಎರಡು ತಟ್ಟೆ, ಎರಡು ಲೋಟ, ನಾಲ್ಕು ಚಮಚ, ಒಂದು ಬಟ್ಟಲು, ಒಂದೇ ಒಂದು ಸೌಟು, ಎಣ್ಣೆ ಜಿಡ್ಡಿನ ಒಂದು ಬಾಣಲೆ, ಹಾಲು ಕಾಯಿಸಿ ತಳ ಹತ್ತಿದ ಒಂದು ಪಾತ್ರೆ ಇದ್ದರೆ ಸಾಕು. ಚಮಚ ನಾಲ್ಕಿದ್ದು ಸೌಟು ಒಂದೇ ಇರುವುದಕ್ಕೆ ಕಾರಣವಿದೆ. ನಾಲ್ಕರಲ್ಲಿ ಯಾವುದಾದರೂ ಒಂದನ್ನು ಕೇಳುವಾಗ 'ಗಿವ್ ಮೀ ಎ ಸ್ಪೂನ್' ಎನ್ನಬೇಕು, ಇರುವ ಒಂದನ್ನೇ ಕೇಳುವಾಗ 'ಗಿವ್ ಮೀ ದ ಲೇಡಲ್' ಎನ್ನಬೇಕು. 'ಎ' ಮತ್ತು 'ದ' ಎಲ್ಲಿ ಬರುತ್ತವೆ ಎಂಬುದನ್ನು ವ್ಯಾಕರಣದ ನಿಯಮವಾಗಿ ಹೇಳಿದರೆ ಅರ್ಧ ಗಂಟೆಯಾದರೂ ಮನಸ್ಸಿಗೆ ಹತ್ತದು, ಸಿಂಕಿನ ಮುಂದೆ ಕೈ ಚಾಚಿ ಕೇಳಿದಾಗ ಅದು ತಾನಾಗಿಯೇ ಕಾಣುತ್ತದೆ.

ತಟ್ಟೆ, ಲೋಟ ಜೋಡಿಯಾಗಿರಬೇಕಾದದ್ದು ಬಹುವಚನಕ್ಕಾಗಿ. ಕನ್ನಡದಲ್ಲಿ 'ಎರಡು ತಟ್ಟೆ ಕೊಡು' ಎಂದರೆ ಸಾಕು, 'ಗಳು' ಬೇಕಿಲ್ಲ. ಆ ರೂಢಿಯಿಂದಲೇ ನಮ್ಮವರು 'ಟೂ ಪ್ಲೇಟ್' ಎನ್ನುತ್ತಾರೆ. ಮೊದಲ ದಿನದಿಂದಲೂ 'ಒನ್ ಪ್ಲೇಟ್, ಟೂ ಪ್ಲೇಟ್ಸ್' ಎಂದು ಎಣಿಸುತ್ತಾ ಜೋಡಿಸಿದರೆ ಮುಂದೆ ತಿದ್ದುವ ಕೆಲಸ ಎಷ್ಟೋ ಕಡಿಮೆಯಾಗುತ್ತದೆ.

ಹೆಸರುಗಳ ವಿಷಯದಲ್ಲಿ ಗಡಸುತನ ಬೇಡ. ತವಾವನ್ನು ತವಾ ಎಂದೇ, ಕುಕ್ಕರನ್ನು ಕುಕ್ಕರ್ ಎಂದೇ ಹೇಳಲಿ, ಭಾರತದ ಇಂಗ್ಲಿಷಿನಲ್ಲಿ ಇವು ಸಹಜವಾದ ಪದಗಳು. ಪಾತ್ರೆಗಳಿಗೆ ಇಲ್ಲಿ 'ವೆಸೆಲ್ಸ್' ಎನ್ನುವುದು ರೂಢಿ, ಹೊರದೇಶದಲ್ಲಿ 'ಡಿಶಸ್' ಎನ್ನುತ್ತಾರೆ. ಎರಡನ್ನೂ ಒಮ್ಮೆ ತಿಳಿಸಿ ಮುಂದೆ ಹೋಗಬೇಕು.

ಇನ್ನು ಸದ್ದು. ಸ್ಟೀಲ್ ಪಾತ್ರೆಗಳ ಸದ್ದು, ನಲ್ಲಿಯ ಸದ್ದು ಸೇರಿದರೆ ಪದದ ಕೊನೆಯ ಸಣ್ಣ ಧ್ವನಿಗಳು ಕೇಳುವುದೇ ಇಲ್ಲ, 'ಪ್ಲೇಟ್' ಹೇಳಿದರೋ 'ಪ್ಲೇಟ್ಸ್' ಹೇಳಿದರೋ ತಿಳಿಯದು. ಮಾತಾಡುವಾಗ ನಲ್ಲಿ ನಿಂತಿರಬೇಕು. ಪ್ರತಿ ಬಾರಿ 'ಟರ್ನ್ ಆಫ್ ದ ಟ್ಯಾಪ್', 'ಟರ್ನ್ ಆನ್ ದ ಟ್ಯಾಪ್' ಎಂದು ಹೇಳಿಯೇ ನಿಲ್ಲಿಸಿ, ಹೇಳಿಯೇ ಬಿಟ್ಟರೆ ಈ ಎರಡು ವಾಕ್ಯಗಳು ಒಂದೇ ಸಂಜೆಯಲ್ಲಿ ಬಾಯಿಗೆ ಬರುತ್ತವೆ, ನೀರೂ ಉಳಿಯುತ್ತದೆ. ನಲ್ಲಿಯಿಲ್ಲದೆ ಬಚ್ಚಲ ಕಲ್ಲಿನ ಮೇಲೆ ಬಕೆಟ್ ನೀರಿನಲ್ಲಿ ತೊಳೆಯುವ ಮನೆಗಳಲ್ಲಿ 'ಪೋರ್ ದ ವಾಟರ್', 'ಡಿಪ್ ದ ಗ್ಲಾಸ್', 'ಫಿಲ್ ದ ಬಕೆಟ್' ಎಂಬ ಮಾತುಗಳನ್ನು ಕಲಿಸಬೇಕೇ ಹೊರತು, ಆ ಮನೆಯಲ್ಲಿ ಇಲ್ಲದ ಸಿಂಕಿನ ಹೆಸರನ್ನಲ್ಲ.

ಮೊದಲ ಹಂತ: ಕೇಳಿ ಮಾಡುವುದು

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಜೇಮ್ಸ್ ಆಶರ್ 1960ರ ದಶಕದಲ್ಲಿ ಜಪಾನಿ ಮತ್ತು ರಷ್ಯನ್ ಭಾಷೆಗಳನ್ನು ಆಜ್ಞೆಗಳ ಮೂಲಕ ಕಲಿಸಿ ನೋಡಿದರು. ಮಗು ಮಾತಾಡುವುದಕ್ಕೆ ಎಷ್ಟೋ ಮುಂಚೆ 'ಬಾ', 'ಕೊಡು', 'ಮುಟ್ಟಬೇಡ' ಎಂಬ ಮಾತುಗಳನ್ನು ಕೇಳಿ ಮೈಯಿಂದಲೇ ಉತ್ತರಿಸುತ್ತದೆ, ಹೊಸ ಭಾಷೆಗೂ ಅದೇ ದಾರಿ ಸಲೀಸು ಎಂಬುದು ಅವರ ವಾದ. ಪಾತ್ರೆ ತೊಳೆಯುವ ಪಾಠದ ಮೊದಲ ಹಂತ ಇದೇ ತಳಹದಿಯ ಮೇಲೆ ನಿಂತಿದೆ.

ಮೊದಲ ದಿನ ನಾಲ್ಕೇ ಕ್ರಿಯಾಪದಗಳು ಸಾಕು: 'ಟೇಕ್', 'ವಾಷ್', 'ಗಿವ್', 'ಪುಟ್'. ವಸ್ತುಗಳೂ ನಾಲ್ಕೇ: 'ಪ್ಲೇಟ್', 'ಗ್ಲಾಸ್', 'ಸ್ಪೂನ್', 'ಬೌಲ್'. ಇವುಗಳನ್ನು ಬೆರೆಸಿದರೆ 16 ಆಜ್ಞೆಗಳಾಗುತ್ತವೆ. ಮೊದಲು 'ಟೇಕ್ ದ ಪ್ಲೇಟ್' ಎನ್ನುತ್ತಾ ನೀವೇ ತಟ್ಟೆ ಎತ್ತಿಕೊಳ್ಳಿ. ಎರಡನೆಯ ಸಲ ಇಬ್ಬರೂ ಕೂಡಿ ಮಾಡಿ. ಮೂರನೆಯ ಸಲ ನೀವು ಹೇಳಿ ಸುಮ್ಮನಿರಿ, ಅವರು ಎತ್ತಿಕೊಳ್ಳಲಿ. ಕಣ್ಣಿನಿಂದಲೂ ಕೈಯಿಂದಲೂ ಪಾತ್ರೆಯತ್ತ ತೋರಿಸಬಾರದು, ಏಕೆಂದರೆ ತೋರಿಸಿದರೆ ಅವರು ನಿಮ್ಮ ಬೆರಳನ್ನು ನೋಡಿ ಮಾಡುತ್ತಾರೆ, ಮಾತನ್ನು ಕೇಳಿಸಿಕೊಳ್ಳುವುದಿಲ್ಲ.

ಈ ಹಂತದಲ್ಲಿ ಅವರಿಂದ ಮಾತನ್ನು ಕೇಳಬೇಡಿ. ತಾವಾಗಿ ಹೇಳಿದರೆ ಸಂತೋಷ, ಹೇಳದಿದ್ದರೆ ಒತ್ತಾಯವಿಲ್ಲ. ದೊಡ್ಡವರಿಗೆ ತಪ್ಪು ಮಾತಾಡಿ ನಗೆಪಾಟಲಾಗುವ ಭಯ ಮಕ್ಕಳಿಗಿಂತ ಹೆಚ್ಚು. ಮೌನವಾಗಿದ್ದೇ ಪಾಠದಲ್ಲಿ ಸರಿಯುತ್ತರ ಕೊಡುವ ಅವಕಾಶ ಸಿಕ್ಕಿದಾಗ ಆ ಭಯ ಸಡಿಲಾಗುತ್ತದೆ. ಕನ್ನಡದಲ್ಲಿ ಅರ್ಥ ಹೇಳುವುದಾದರೆ ಒಮ್ಮೆ ಮಾತ್ರ ಹೇಳಿ. ಪ್ರತಿ ವಾಕ್ಯದ ಬಾಲಕ್ಕೂ ಕನ್ನಡ ಅಂಟಿಸಿದರೆ ಅವರ ಕಿವಿ ಆ ಬಾಲಕ್ಕಾಗಿಯೇ ಕಾಯುತ್ತದೆ.

ನಾಲ್ಕೂ ಪದಗಳು ಗಟ್ಟಿಯಾದ ಮೇಲೆ ನಿರೀಕ್ಷಿಸದ ಜೋಡಣೆಯೊಂದನ್ನು ಕೊಡಿ: 'ಪುಟ್ ದ ಸ್ಪೂನ್ ಇನ್ ದ ಗ್ಲಾಸ್.' ಹಾಗೆ ಮಾಡಿದವರು ಪದಗಳನ್ನು ಬಾಯಿಪಾಠ ಮಾಡಿಲ್ಲ, ಅರ್ಥ ಮಾಡಿಕೊಂಡಿದ್ದಾರೆ ಎಂದು ತಿಳಿಯಬಹುದು. ಎರಡನೆಯ ದಿನ 'ಸ್ಕ್ರಬ್', 'ರಿನ್ಸ್', 'ವೈಪ್' ಸೇರಲಿ, ಮೂರನೆಯ ದಿನ 'ಸೋಕ್', 'ಡ್ರೈ', 'ಸ್ಟ್ಯಾಕ್' ಬರಲಿ. ದಿನಕ್ಕೆ 20 ನಿಮಿಷಕ್ಕಿಂತ ಹೆಚ್ಚು ಬೇಡ, ಮರುದಿನ ಹಳೆಯದರಿಂದಲೇ ಆರಂಭವಾಗಲಿ. ಗಾಜಿನ ಲೋಟ, ಚಾಕು, ಬಿಸಿ ಬಾಣಲೆಗಳಿದ್ದರೆ 'ಬಿ ಕೇರ್‌ಫುಲ್, ಇಟ್ ಈಸ್ ಹಾಟ್', 'ಇಟ್ ಈಸ್ ಶಾರ್ಪ್' ಎಂಬುದನ್ನು ಎಲ್ಲಕ್ಕಿಂತ ಮೊದಲು ಕಲಿಸಬೇಕು.

ಎರಡನೆಯ ಹಂತ: ಕೆಲಸದ ಸರಪಳಿ

ಫ್ರಾನ್ಸಿನ ಫ್ರಾಂಸ್ವಾ ಗೂಯೆಂ ಎಂಬ ಮೇಷ್ಟ್ರು ಜರ್ಮನ್ ಕಲಿಯಲು ಹ್ಯಾಂಬರ್ಗಿಗೆ ಹೋಗಿ, ವ್ಯಾಕರಣದ ಪುಸ್ತಕವನ್ನೂ ನಿಘಂಟನ್ನೂ ಬಾಯಿಪಾಠ ಮಾಡಿದರೂ ಜನರ ಮಾತು ಅರ್ಥವಾಗದೆ ಹಿಂದಿರುಗಿದರು. ಊರಿಗೆ ಬಂದಾಗ, ಹಿಟ್ಟಿನ ಗಿರಣಿಯನ್ನು ನೋಡಿ ಬಂದ ಪುಟ್ಟ ಸೋದರಳಿಯ ಅಲ್ಲಿ ನಡೆದದ್ದನ್ನೆಲ್ಲ ಒಂದರ ಹಿಂದೊಂದು ಆಡಿ, ಆಡುತ್ತಲೇ ಹೇಳುವುದನ್ನು ಕಂಡರು. ಒಂದು ಕೆಲಸವನ್ನು ಸಣ್ಣ ಸಣ್ಣ ಕ್ರಿಯೆಗಳಾಗಿ ಬಿಡಿಸಿ ಅನುಕ್ರಮವಾಗಿ ಹೇಳಿಸುವ ವಿಧಾನವನ್ನು ಅವರು 1880ರಲ್ಲಿ ಪ್ರಕಟಿಸಿದ್ದು ಇದರಿಂದಲೇ. ನಮ್ಮ ಎರಡನೆಯ ಹಂತಕ್ಕೆ ಇದು ಹೇಳಿ ಮಾಡಿಸಿದಂತಿದೆ.

ಒಂದು ತಟ್ಟೆಯ ಸರಪಳಿ ಹೀಗಿರಲಿ: 'ಐ ಟೇಕ್ ದ ಪ್ಲೇಟ್. ಐ ಸ್ಕ್ರೇಪ್ ಇಟ್. ಐ ವೆಟ್ ಇಟ್. ಐ ಸ್ಕ್ರಬ್ ಇಟ್. ಐ ರಿನ್ಸ್ ಇಟ್. ಐ ಡ್ರೈ ಇಟ್. ಐ ಪುಟ್ ಇಟ್ ಆನ್ ದ ರ‍್ಯಾಕ್.' ಏಳೇ ವಾಕ್ಯಗಳು. ಕೈ ಮಾಡುವಾಗಲೇ ಬಾಯಿ ಹೇಳಬೇಕು, ಕೈ ಮುಗಿಸಿ ಆಮೇಲೆ ಹೇಳುವುದಲ್ಲ.

ಇಲ್ಲಿ 'ಇಟ್' ಎಂಬ ಪುಟ್ಟ ಪದದ ಮೇಲೆ ವಿಶೇಷ ಗಮನವಿರಲಿ. ಕನ್ನಡದಲ್ಲಿ 'ತಟ್ಟೆ ತೆಗೆದುಕೊಂಡೆ, ಉಜ್ಜಿದೆ, ತೊಳೆದೆ, ಇಟ್ಟೆ' ಎನ್ನುತ್ತೇವೆ, 'ಅದನ್ನು' ಎಂದು ಮತ್ತೆ ಮತ್ತೆ ಹೇಳಿದರೆ ಕಿವಿಗೆ ಒರಟಾಗುತ್ತದೆ. ಅದೇ ಲಯದಲ್ಲಿ ಇಂಗ್ಲಿಷ್ ಆಡಿದಾಗ 'ಐ ವಾಷ್ಡ್ ಅಂಡ್ ಪುಟ್' ಎಂಬ ವಾಕ್ಯ ಹುಟ್ಟುತ್ತದೆ. ವರ್ಷಗಟ್ಟಲೆ ಇಂಗ್ಲಿಷ್ ಬಳಸಿದವರ ಬಾಯಲ್ಲೂ ಇದು ಉಳಿದಿರುತ್ತದೆ. ಸರಪಳಿಯಲ್ಲಿ ಪ್ರತಿ ಕ್ರಿಯೆಗೂ ಕೈಯಲ್ಲಿರುವ ತಟ್ಟೆಯನ್ನು ಒಮ್ಮೆ ಅಲುಗಿಸಿ 'ಇಟ್' ಎಂದು ಹೇಳಿಸಿದರೆ, ಕೈಯ ತೂಕದ ಜೊತೆಗೇ ಆ ಪದವೂ ಅಂಟಿಕೊಳ್ಳುತ್ತದೆ. ಎರಡು ತಟ್ಟೆ ಹಿಡಿದಾಗ ಅದೇ 'ಇಟ್' ಜಾಗಕ್ಕೆ 'ದೆಮ್' ಬರುತ್ತದೆ.

ಮೂರನೆಯ ಹಂತ: ಸರದಿ ಬದಲು

ಈ ವಿಧಾನದ ಜೀವ ಇರುವುದು ಇಲ್ಲಿ. ಈಗ ಕಲಿಸುವವರು ಸೆರಗೋ ತೋಳೋ ಮೇಲೇರಿಸಿ ಸಿಂಕಿನ ಮುಂದೆ ನಿಲ್ಲಬೇಕು, ಕಲಿಯುವವರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರಬೇಕು. ಅವರು ಹೇಳದೆ ನೀವು ಒಂದು ಚಮಚವನ್ನೂ ಮುಟ್ಟಬಾರದು. ಅವರು ಏನು ಹೇಳಿದರೋ ಅದನ್ನೇ ಮಾಡಬೇಕು, ಅವರ ಮನಸ್ಸಿನಲ್ಲಿ ಇದ್ದದ್ದನ್ನಲ್ಲ.

ಉದಾಹರಣೆಗೆ, 'ವಾಷ್ ಗ್ಲಾಸ್' ಎಂದಾಗ ಎರಡು ಲೋಟಗಳನ್ನೂ ಎತ್ತಿ ಹಿಡಿದು 'ವಿಚ್ ಗ್ಲಾಸ್?' ಎಂದು ಕೇಳಿ. 'ದಿಸ್ ಗ್ಲಾಸ್' ಅಥವಾ 'ದ ಬಿಗ್ ಗ್ಲಾಸ್' ಎಂಬ ಉತ್ತರ ಹುಡುಕಿಕೊಂಡು ಬರುತ್ತದೆ. 'ಪುಟ್ ದ ಬೌಲ್' ಎಂದು ನಿಲ್ಲಿಸಿದರೆ ಬಟ್ಟಲನ್ನು ಗಾಳಿಯಲ್ಲೇ ಹಿಡಿದು 'ವೇರ್?' ಎಂದು ಕೇಳಿ. ಅವರಿಗೆ 'ಆನ್', 'ಇನ್', 'ಅಂಡರ್' ಬೇಕಾಗುವುದು ಆ ಗಳಿಗೆಯಲ್ಲಿ, ಬೇಕಾದಾಗ ಕೊಟ್ಟ ಪದ ಮರೆಯುವುದು ಕಡಿಮೆ. ಸರಿಯಾಗಿ ತೊಳೆಯದೆ ಬಾಣಲೆಯನ್ನು ಪಕ್ಕಕ್ಕಿಡಿ. ದಿನವೂ ಪಾತ್ರೆ ಉಜ್ಜುವವರ ಕಣ್ಣಿಗೆ ಉಳಿದ ಜಿಡ್ಡು ಬೀಳದೆ ಇರುವುದಿಲ್ಲ. 'ನೋ, ನಾಟ್ ಕ್ಲೀನ್' ಎಂದು ಅವರು ಹೇಳಿದ ಕೂಡಲೇ ನೀವು ತಲೆಯಾಡಿಸಿ 'ಓಹ್, ಇಟ್ ಈಸ್ ನಾಟ್ ಕ್ಲೀನ್' ಎಂದು ಪೂರ್ತಿ ವಾಕ್ಯದಲ್ಲಿ ಒಪ್ಪಿಕೊಂಡು ಮತ್ತೆ ಉಜ್ಜಿ. 'ತಪ್ಪು, ಹೀಗೆ ಹೇಳಬೇಕು' ಎಂದು ತಡೆಯುವುದಕ್ಕಿಂತ, ಅವರ ಮಾತನ್ನೇ ಸರಿಯಾದ ರೂಪದಲ್ಲಿ ಹಿಂದಿರುಗಿಸುವ ಈ ತಿದ್ದುಪಡಿಯಿಂದ ಮಾತಿನ ಓಟ ನಿಲ್ಲುವುದಿಲ್ಲ.

ಇಲ್ಲಿ ಬದಲಾಗುವುದು ಭಾಷೆಯೊಂದೇ ಅಲ್ಲ. ಕೆಲಸ ಬಲ್ಲವರು ಅವರು, ಕಲಿಸುವವರು ಅವರ ಮಾತಿನಂತೆ ನಡೆಯುವವರು. ಇಂಗ್ಲಿಷಿನ ಮುಂದೆ ತಗ್ಗಿಸಿದ ದನಿ ಈ ಕುರ್ಚಿಯಲ್ಲಿ ಕೂತಾಗ ಏರುತ್ತದೆ. ನೀವು ತೊಳೆಯುವ ರೀತಿಯೇ ಸರಿಯಿಲ್ಲವೆಂದು ಅವರಿಗೆ ಅನ್ನಿಸಿದರೆ ಪಾಠಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ, ಏಕೆಂದರೆ ಆಗ ಅವರಿಗೆ ಹೇಳಲೇಬೇಕಾದ ಮಾತೊಂದು ಇರುತ್ತದೆ.

ಆಜ್ಞೆಗಳು ಸಲೀಸಾದ ಮೇಲೆ ಕೇಳಿಕೊಳ್ಳುವ ರೂಪಕ್ಕೆ ತಿರುಗಬೇಕು: 'ಕ್ಯಾನ್ ಯೂ ಪಾಸ್ ಮೀ ದ ಸೋಪ್, ಪ್ಲೀಸ್?' ಮನೆಯ ಹೊರಗೆ, ಅಂಗಡಿಯಲ್ಲಾಗಲಿ ಕೆಲಸದ ಜಾಗದಲ್ಲಾಗಲಿ, ಬರಿಯ ಆಜ್ಞೆ ಒರಟಾಗಿ ಕೇಳಿಸುತ್ತದೆ ಎಂಬುದನ್ನೂ ಇದೇ ಹೊತ್ತಿನಲ್ಲಿ ತಿಳಿಸಬೇಕು.

ಉಚ್ಚಾರಣೆ

ಕನ್ನಡಿಗರ ಬಾಯಿಗೆ ಬೇಕಾದ ಅಭ್ಯಾಸ ಈ ಪದಗಳಲ್ಲೇ ಅಡಗಿದೆ. 'ವಾಷ್ ದ ವೆಸೆಲ್' ಎಂಬ ಒಂದು ವಾಕ್ಯವನ್ನು ನೋಡಿ. ಕನ್ನಡದಲ್ಲಿ ಎರಡೂ ಒಂದೇ ವಕಾರ. ಇಂಗ್ಲಿಷಿನಲ್ಲಿ 'ವಾಷ್' ಹೇಳುವಾಗ ತುಟಿಗಳು ಸೀಟಿ ಹೊಡೆಯುವಂತೆ ದುಂಡಗಾಗಬೇಕು, ಹಲ್ಲು ತಾಗಬಾರದು. 'ವೆಸೆಲ್' ಹೇಳುವಾಗ ಮೇಲಿನ ಹಲ್ಲು ಕೆಳತುಟಿಯನ್ನು ಮುಟ್ಟಬೇಕು. 'ವಾಟರ್', 'ವೈಪ್', 'ವೆಟ್' ಮೂರೂ ಮೊದಲ ಗುಂಪಿನವು. ಹೊಳೆಯುವ ಸ್ಟೀಲ್ ತಟ್ಟೆಯನ್ನೇ ಮುಖದ ಮುಂದೆ ಹಿಡಿದರೆ ತುಟಿಯ ಆಕಾರ ಕಾಣುತ್ತದೆ.

ಪದದ ಕೊನೆಗೆ ಉಕಾರ ಸೇರಿಸುವ ರೂಢಿಯೂ ನಮ್ಮದು: ಪ್ಲೇಟು, ಸೋಪು, ಸ್ಪೂನು. ಕನ್ನಡದಲ್ಲಿ ಅದು ಸರಿಯೇ. ಇಂಗ್ಲಿಷಿನಲ್ಲಿ ಅದನ್ನು ಬಿಡಿಸಲು 'ಉ ಹೇಳಬೇಡಿ' ಎನ್ನುವುದಕ್ಕಿಂತ ಮುಂದಿನ ಸ್ವರಕ್ಕೆ ಪದವನ್ನು ಕೂಡಿಸುವುದು ಸುಲಭ. 'ಪುಟ್ ಇಟ್ ಆನ್' ಎಂಬುದನ್ನು 'ಪುಟಿಟಾನ್' ಎಂದು ಒಂದೇ ಉಸಿರಿನಲ್ಲಿ ಹೇಳಿಸಿದರೆ ಉಕಾರಕ್ಕೆ ಜಾಗವೇ ಉಳಿಯುವುದಿಲ್ಲ. 'ಎಂಪ್ಟಿ' ಎಂಬುದು 'ಯೆಂಪ್ಟಿ' ಆಗುವುದನ್ನೂ 'ಓಪನ್' ಎಂಬುದು 'ವೋಪನ್' ಆಗುವುದನ್ನೂ ನಿಧಾನವಾಗಿ ತಿದ್ದಬಹುದು, ಅವಸರವಿಲ್ಲ.

ನಾಲ್ಕನೆಯ ಹಂತ: ಈಗ ಮತ್ತು ಆಗ

ಕೈ ಉಜ್ಜುತ್ತಿರುವಾಗ 'ವಾಟ್ ಆರ್ ಯೂ ಡೂಯಿಂಗ್?' ಎಂದು ಕೇಳಿದರೆ 'ಐ ಆ್ಯಮ್ ಸ್ಕ್ರಬಿಂಗ್ ದ ಪ್ಯಾನ್' ಎಂಬುದೇ ಉತ್ತರ. ವರ್ತಮಾನದಲ್ಲಿ ನಡೆಯುತ್ತಿರುವ ಕ್ರಿಯೆಯನ್ನು ಕಲಿಸಲು ಇದಕ್ಕಿಂತ ನೇರವಾದ ದಾರಿಯಿಲ್ಲ. ಪಾತ್ರೆಗಳೆಲ್ಲ ತೊಳೆದು ಮುಗಿದ ಮೇಲೆ, ಕೈ ಒರೆಸಿಕೊಂಡು ಕೂತಾಗ ಭೂತಕಾಲ ಆರಂಭವಾಗಲಿ.

ಭೂತಕಾಲಕ್ಕೆ ಈ ಕೆಲಸ ಅದೃಷ್ಟವಶಾತ್ ಬಹಳ ಅನುಕೂಲ. ವಾಷ್, ರಿನ್ಸ್, ಸ್ಕ್ರಬ್, ಸ್ಕ್ರೇಪ್, ವೈಪ್, ಸೋಕ್, ಡ್ರೈ, ಸ್ಟ್ಯಾಕ್, ಪೋರ್ ಎಲ್ಲವೂ ನಿಯಮಕ್ಕೆ ಬದ್ಧವಾದ ಕ್ರಿಯಾಪದಗಳು. 'ಟುಕ್', 'ಗೇವ್', 'ಬ್ರೋಕ್' ಹಾಗೂ ಬದಲಾಗದ 'ಪುಟ್', 'ವೆಟ್' ಇವಿಷ್ಟನ್ನೇ ಬೇರೆಯಾಗಿ ನೆನಪಿಡಬೇಕು. ಬರೆಯುವಾಗ ಒಂದೇ ರೀತಿ ಕಾಣುವ ಕೊನೆಯ ಅಕ್ಷರಗಳು ಕೇಳಿಸುವಾಗ ಎರಡಾಗುತ್ತವೆ. 'ವಾಷ್ಟ್', 'ರಿನ್ಸ್ಟ್', 'ವೈಪ್ಟ್', 'ಸೋಕ್ಟ್', 'ಸ್ಟ್ಯಾಕ್ಟ್' ಇವುಗಳಲ್ಲಿ ಟಕಾರ, 'ಸ್ಕ್ರಬ್ಡ್', 'ಡ್ರೈಡ್', 'ಪೋರ್ಡ್' ಇವುಗಳಲ್ಲಿ ಡಕಾರ. 'ವಾಶೆಡ್' ಎಂದು ಅಕ್ಷರ ನೋಡಿ ಓದುವ ಅಭ್ಯಾಸ ಹತ್ತುವ ಮುನ್ನ ಕಿವಿಯಿಂದ ಕಲಿತರೆ ಒಳ್ಳೆಯದು. ಹಾಗಾಗಿ ಬರವಣಿಗೆಯನ್ನು ಈ ಹಂತದ ನಂತರವೇ ತರಬೇಕೆಂಬುದು ನನ್ನ ಅಭಿಪ್ರಾಯ. ಅಲ್ಲಿಯವರೆಗೆ ನೆನಪಿಗಾಗಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡರೆ ಅಡ್ಡಿಯಿಲ್ಲ.

ಐದನೆಯ ಹಂತ: ಯೋಚಿಸಿ ಮಾತಾಡುವುದು

ಭಾಷಾ ಬೋಧನೆಯ ಲೋಕದಲ್ಲಿ ಬೆಂಗಳೂರಿನ ಹೆಸರು ಪ್ರಸಿದ್ಧವಾಗಿರುವುದು ಇಂಗ್ಲಿಷ್ ಬೋಧನೆಯ ತಜ್ಞ ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗದಿಂದ. ಅದನ್ನು ಬೆಂಗಳೂರು ಪ್ರಾಜೆಕ್ಟ್ ಎಂದೇ ಕರೆಯುತ್ತಾರೆ. ವ್ಯಾಕರಣವನ್ನು ಕ್ರಮವಾಗಿ ಪಾಠ ಮಾಡುವ ಬದಲು, ಮಕ್ಕಳ ಗಮನವೆಲ್ಲ ಒಂದು ಸಮಸ್ಯೆಯನ್ನು ಬಿಡಿಸುವುದರಲ್ಲಿ ನೆಟ್ಟಿರುವಂತೆ ಚಟುವಟಿಕೆ ಕೊಟ್ಟರೆ ಭಾಷೆ ಜೊತೆಯಲ್ಲೇ ಬೆಳೆಯುತ್ತದೆ ಎಂಬುದು ಅದರ ತಿರುಳು. ಒಬ್ಬರಲ್ಲಿರುವ ಮಾಹಿತಿ ಇನ್ನೊಬ್ಬರಿಗೆ ಬೇಕಾಗುವ ಚಟುವಟಿಕೆ, ತರ್ಕಿಸಿ ಉತ್ತರ ಕಂಡುಕೊಳ್ಳುವ ಚಟುವಟಿಕೆ, ಅಭಿಪ್ರಾಯ ಹೇಳುವ ಚಟುವಟಿಕೆ ಎಂದು ಅವರು ಮೂರು ಬಗೆ ಮಾಡಿದರು. ಮೂರಕ್ಕೂ ಅಡುಗೆಮನೆಯಲ್ಲಿ ಜಾಗವಿದೆ.

ಮಾಹಿತಿಯ ಚಟುವಟಿಕೆ ಸರಳ. ತೊಳೆದ ಪಾತ್ರೆಗಳು ಎಲ್ಲಿ ಹೋಗಬೇಕೆಂಬುದು ಆ ಮನೆಯವರಿಗೆ ಮಾತ್ರ ಗೊತ್ತು. ಇನ್ನೊಬ್ಬರು ಒಂದೊಂದನ್ನೇ ಹಿಡಿದು 'ವೇರ್ ಡಸ್ ದಿಸ್ ಗೋ?' ಎಂದು ಕೇಳಬೇಕು, ಮನೆಯವರು 'ಆನ್ ದ ಟಾಪ್ ಶೆಲ್ಫ್', 'ನೆಕ್ಸ್ಟ್ ಟು ದ ಸ್ಟವ್' ಎಂದು ದಾರಿ ತೋರಬೇಕು.

ತರ್ಕದ ಚಟುವಟಿಕೆಗೆ ಹೆಚ್ಚು ಸಮಯ ಕೊಡಿ. ಎಲ್ಲ ಪಾತ್ರೆಗಳನ್ನೂ ಸಾಲಾಗಿಟ್ಟು, ನೀರು ಅರ್ಧ ಬಕೆಟ್ ಮಾತ್ರ ಇದೆ, ಯಾವ ಕ್ರಮದಲ್ಲಿ ತೊಳೆಯುತ್ತೀರಿ ಎಂದು ಕೇಳಿ. ನೀರು ಒಂದು ದಿನ ಬಂದು ಮೂರು ದಿನ ಬಾರದ ಬಡಾವಣೆಗಳಲ್ಲಿ ಇದು ಕಲ್ಪನೆಯ ಪ್ರಶ್ನೆಯಲ್ಲ. 'ಗ್ಲಾಸಸ್ ಫಸ್ಟ್' ಎಂದವರನ್ನು 'ವೈ?' ಎಂದು ಕೇಳಿ. 'ಬಿಕಾಸ್ ದೆ ಆರ್ ನಾಟ್ ಗ್ರೀಸಿ' ಎಂಬ ಉತ್ತರಕ್ಕೆ ಬೇಕಾದ ಪದಗಳನ್ನು ಮೊದಲೇ ಕೈಗೆ ಕೊಟ್ಟಿರಬೇಕು: 'ಗ್ರೀಸಿ', 'ಸ್ಟಿಕಿ', 'ಬರ್ನ್ಟ್', 'ಡರ್ಟಿ', 'ಕ್ಲೀನ್'. ತಳ ಹತ್ತಿದ ಹಾಲಿನ ಪಾತ್ರೆಯನ್ನು ಮೊದಲೇ ನೆನೆಯಲು ಇಡಬೇಕು, ತೊಳೆಯುವುದು ಮಾತ್ರ ಕೊನೆಗೆ ಎಂಬ ವಿಷಯ ಹೇಳಲು 'ಫಸ್ಟ್ ಸೋಕ್ ಇಟ್, ವಾಷ್ ಇಟ್ ಲಾಸ್ಟ್' ಎಂಬ ವಾಕ್ಯಕ್ಕಾಗಿ ಅವರು ಹೆಣಗಾಡಿದರೆ ಹೆಣಗಾಡಲಿ, ಆತುರದಿಂದ ಬಾಯಿಗೆ ತುರುಕಬೇಡಿ.

ಅಭಿಪ್ರಾಯಕ್ಕೆ ಹಿತ್ತಾಳೆ ದೀಪವೋ ತಾಮ್ರದ ಚೊಂಬೋ ಒಂದು ಸಾಕು. ಹುಣಸೆಹಣ್ಣು ಒಳ್ಳೆಯದೋ ಅಂಗಡಿಯ ಪುಡಿ ಒಳ್ಳೆಯದೋ, ತೆಂಗಿನ ನಾರೋ ಸ್ಟೀಲ್ ಉಜ್ಜುವ ಸುರುಳಿಯೋ ಎಂಬ ಬಗ್ಗೆ ಪ್ರತಿಯೊಬ್ಬರಿಗೂ ಗಟ್ಟಿಯಾದ ನಿಲುವಿರುತ್ತದೆ. 'ಐ ಥಿಂಕ್ ಟ್ಯಾಮರಿಂಡ್ ಈಸ್ ಬೆಟರ್' ಎಂಬ ಒಂದು ಚೌಕಟ್ಟು ಕೊಟ್ಟು ಹಿಂದೆ ಸರಿಯಿರಿ.

ವಿದೇಶದಲ್ಲಿರುವ ಮಕ್ಕಳ ಮನೆಗೆ ಹೋಗಿ ಕೆಲವು ತಿಂಗಳು ಇರುವ ತಂದೆತಾಯಿಯರಿಗೆ ಕಲಿಸುವುದಾದರೆ ಸರಪಳಿಯನ್ನು ಯಂತ್ರಕ್ಕೆ ತಕ್ಕಂತೆ ಬದಲಿಸಬೇಕು: 'ಸ್ಕ್ರೇಪ್ ದ ಪ್ಲೇಟ್, ಲೋಡ್ ದ ಡಿಶ್‌ವಾಷರ್, ಕ್ಲೋಸ್ ದ ಡೋರ್, ಪ್ರೆಸ್ ಸ್ಟಾರ್ಟ್.' ಹಿತ್ತಾಳೆ, ಮರದ ಸೌಟು, ಎರಕದ ಕಬ್ಬಿಣದ ಬಾಣಲೆಗಳನ್ನು ಅದರೊಳಗೆ ಹಾಕಬಾರದು. ಆದ್ದರಿಂದ 'ಡೋಂಟ್ ಪುಟ್ ದಿಸ್ ಇನ್ ದ ಡಿಶ್‌ವಾಷರ್' ಎಂಬ ನಿಷೇಧದ ವಾಕ್ಯಕ್ಕೆ ಅಲ್ಲಿ ನಿಜವಾದ ಉಪಯೋಗವಿದೆ.

ಕಲಿತದ್ದನ್ನು ಪರೀಕ್ಷಿಸುವುದು

ಪ್ರಶ್ನೆಪತ್ರಿಕೆ ಬೇಡ. ಒಂದೂವರೆ ಎರಡು ತಿಂಗಳ ನಂತರ, ಕಲಿಯುವವರಿಗೆ ಪರಿಚಯವಿಲ್ಲದ ಮೂರನೆಯ ವ್ಯಕ್ತಿಯೊಬ್ಬರನ್ನು ಸಿಂಕಿನ ಮುಂದೆ ನಿಲ್ಲಿಸಿ. ಅವರಿಗೆ ಕನ್ನಡ ಬಾರದಿದ್ದರೆ ಇನ್ನೂ ಉತ್ತಮ. ಪಾಠದಲ್ಲಿ ಎಂದೂ ಬಳಸದ ಪಾತ್ರೆಗಳನ್ನು ಇಡಿ: ಇಡ್ಲಿ ತಟ್ಟೆ, ಜರಡಿ, ಮಿಕ್ಸಿಯ ಜಾರು. ಅವುಗಳ ಇಂಗ್ಲಿಷ್ ಹೆಸರು ಕಲಿಯುವವರಿಗೆ ಗೊತ್ತಿರಬೇಕಾಗಿಲ್ಲ. 'ದಿಸ್ ಒನ್', 'ದ ಥಿಂಗ್ ವಿತ್ ಹೋಲ್ಸ್', 'ಕೇರ್‌ಫುಲ್, ದ ಬ್ಲೇಡ್ ಈಸ್ ಶಾರ್ಪ್' ಎಂದು ಹೇಗಾದರೂ ಹೇಳಿ, ಎದುರಿನವರು ಕೆಲಸವನ್ನು ಸರಿಯಾಗಿ ಮುಗಿಸುವಂತೆ ಮಾಡಿದರೆ ಈ ಪಾಠಮಾಲೆ ಮುಗಿಯಿತು, ಮರುದಿನ ಬಟ್ಟೆ ಒಗೆಯುವ ಕಲ್ಲಿಗೋ ಒಲೆಯ ಮುಂದಕ್ಕೋ ಹೋಗಬಹುದು. ಮಾತು ತಡವರಿಸಿ ನಡುವೆ ತಾವೇ ಎದ್ದು ಹೋಗಿ ಜಾರು ಕಿತ್ತುಕೊಂಡು ತೊಳೆಯತೊಡಗಿದರೆ ಮೂರನೆಯ ಹಂತಕ್ಕೆ ಇನ್ನೊಂದು ವಾರ ಕೊಡಿ.